ಪಿಕಪ್ಪಿಗೆ ದುಡ್ಡು ಹಾಕುವ ಮೊದಲು ಹರಿದ ತಂತಿಯ ತುದಿ ನೋಡಿ

ಪ್ರಶ್ನೆ: ನಾನು ಗಂಗಾವತಿಯವನು. ರಸಮಂಜರಿ ತಂಡದಲ್ಲಿ ಆರು ವರ್ಷದಿಂದ ಲೀಡ್ ಗಿಟಾರ್ ನುಡಿಸುತ್ತೇನೆ. ಸ್ಟ್ರಾಟ್ ಮಾದರಿಯ ಗಿಟಾರ್. ಕೊಂಡಾಗ ಇದ್ದ, ತಂತಿಯ ಕಂಪನ ಹಿಡಿಯುವ ಮೂರು ಸಿಂಗಲ್ ಕಾಯಿಲ್ (ಒಂಟಿ ಸುರುಳಿಯ) ಪಿಕಪ್‌ಗಳೇ ಈಗಲೂ ಇವೆ. ಜಾತ್ರೆ ಸ್ಟೇಜಿನಲ್ಲಿ ಜನರೇಟರ್ ಮೇಲೆ ನುಡಿಸುವಾಗ ಗುಂಯ್ ಅನ್ನುವ ಸದ್ದು ನಿಲ್ಲುವುದಿಲ್ಲ. ಕೀಬೋರ್ಡ್, ಪ್ಯಾಡ್ ಸದ್ದಿನ ನಡುವೆ ನನ್ನ ಲೀಡ್ ಕೇಳಿಸುವುದೇ ಇಲ್ಲ. ಮೇಲಾಗಿ ತಂತಿ ಹರಿಯುತ್ತವೆ. ಹೆಚ್ಚಾಗಿ ಮೊದಲನೆಯದು, ಆಮೇಲೆ ಮೂರನೆಯದು, ಕೆಲವೊಮ್ಮೆ ಒಂದೇ ರಾತ್ರಿ ಎರಡೂ. ಹರಿಯುವುದು ಬುಡದಲ್ಲಿ ತಂತಿ ಕೂರುವ ಬ್ರಿಡ್ಜ್ ಹತ್ತಿರ. ದಪ್ಪ ತಂತಿ ಹಾಕಿ, ಪಿಕಪ್ ತೆಗೆದು ಹಂಬಕರ್ (ಜೋಡಿ ಸುರುಳಿಯ ಪಿಕಪ್) ಹಾಕಿಸಿ ಎಂದು ಅಂಗಡಿಯಲ್ಲಿ ಹೇಳಿದರು. ಯಾವ ಪಿಕಪ್ ಕೊಳ್ಳಲಿ? ತಂತಿ ಹರಿಯುವುದನ್ನು ಹೇಗೆ ನಿಲ್ಲಿಸಲಿ?

ಉತ್ತರ: ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಬಳ್ಳಾರಿಯಲ್ಲಿ ನನ್ನ ಬೆಂಚಿನ ಮೇಲೆ ಬರುವ ಗಿಟಾರ್‌ಗಳಲ್ಲಿ ಈ ಎರಡೂ ದೂರು ಜೋಡಿಯಾಗಿಯೇ ಬರುತ್ತವೆ. ಸದ್ದು ಕೇಳಿಸದಿದ್ದರೆ ಕೈ ತಾನಾಗಿಯೇ ಜೋರಾಗುತ್ತದೆ. ಕೈ ಜೋರಾದಾಗ ಬ್ರಿಡ್ಜ್ ಮೇಲಿನ ಒಂದು ಸಣ್ಣ ಮುಳ್ಳು ಸಾಕು, ತಂತಿ ಹರಿಯುತ್ತದೆ. ಹಾಗಾಗಿ ಮೊದಲು ತಂತಿ, ಆಮೇಲೆ ಸದ್ದು ಯಾಕೆ ಕೇಳಿಸುತ್ತಿಲ್ಲ ಎಂಬುದು, ಕೊನೆಗೆ ಪಿಕಪ್. ಈ ಕ್ರಮದಲ್ಲಿ ಹೋದರೆ ಪಿಕಪ್ ಕೊಳ್ಳುವ ಅಗತ್ಯವೇ ಬೀಳದಿರಬಹುದು. ಬಿದ್ದರೂ ಮೂರರ ಬದಲು ಒಂದು ಸಾಕಾಗಬಹುದು.

ಇನ್ನು ಮುಂದೆ ಹರಿದ ತಂತಿಯನ್ನು ಎಸೆಯಬೇಡಿ. ಎರಡೂ ತುಂಡು ಇಟ್ಟುಕೊಂಡು, ಹರಿದ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಅಕ್ಕಸಾಲಿಗರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಸಿಕ್ಕರೆ ಬಹಳ ಒಳ್ಳೆಯದು, ಇಲ್ಲವೆಂದರೆ ಮೊಬೈಲ್ ಕ್ಯಾಮೆರಾದಲ್ಲಿ ಹತ್ತಿರದ ಚಿತ್ರ ತೆಗೆದು ಹಿಗ್ಗಿಸಿ. ತುದಿಯ ಹತ್ತಿರ ಒಂದೇ ಬದಿಗೆ ಹೊಳೆಯುವ ಗೀರು ಅಥವಾ ಚಪ್ಪಟೆಯಾದ ಜಾಗ ಕಂಡರೆ ಅದು ಸ್ಯಾಡಲ್, ಅಂದರೆ ಬ್ರಿಡ್ಜ್ ಮೇಲೆ ತಂತಿ ಕೂರುವ ತುಂಡು, ಕೊಟ್ಟ ಗಾಯ. ಕಂದು ಚುಕ್ಕೆ, ಸಣ್ಣ ಕುಳಿ ಕಂಡರೆ ತುಕ್ಕು. ಗುಂಡು ಕಟ್ಟಿದ ತುದಿಯ ಸುರುಳಿಯೇ ಬಿಚ್ಚಿಕೊಂಡಿದ್ದರೆ ಆ ತಂತಿಯೇ ಸರಿ ಇರಲಿಲ್ಲ. ನಾಲ್ಕೈದು ತುಂಡು ಜೋಡಿಸಿ, ಗುಂಡಿನಿಂದ ಹರಿದ ಜಾಗದ ತನಕ ಸ್ಕೇಲ್ ಇಟ್ಟು ಅಳೆಯಿರಿ. ಪ್ರತಿ ಸಲವೂ ಅದೇ ಅಳತೆ ಬಂದರೆ ತಪ್ಪು ಗಿಟಾರಿನದು, ತಂತಿಯದಲ್ಲ.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಮೂರನೆಯ ತಂತಿ. ಸ್ಟ್ರಾಟ್ ಮಾದರಿಯಲ್ಲಿ ಕುತ್ತಿಗೆಯ ತುದಿಯ ನಟ್‌ನಿಂದ ಸ್ಯಾಡಲ್‌ವರೆಗೆ ಸುಮಾರು 64.8 ಸೆಂಟಿಮೀಟರ್. ಆ ಉದ್ದದಲ್ಲಿ ಮೊದಲ ತಂತಿಯನ್ನು ಅದರ ಸ್ವರಕ್ಕೆ, ಅಂದರೆ ಸೆಕೆಂಡಿಗೆ ಸುಮಾರು 330 ಕಂಪನಕ್ಕೆ ಏರಿಸಿದಾಗ, ಉಕ್ಕು ತಾಳಬಲ್ಲ ಎಳೆತದ ಹೆಚ್ಚುಕಡಿಮೆ ಅರ್ಧದಷ್ಟು ಅದರ ಮೇಲೆ ಬಿದ್ದಿರುತ್ತದೆ. ಬೆಂಡ್ ಮಾಡಿದರೆ, ಅಂದರೆ ಒತ್ತಿದ ತಂತಿಯನ್ನು ಬದಿಗೆ ಎಳೆದರೆ, ಇನ್ನೂ ಮೇಲೆ ಹೋಗುತ್ತದೆ. ಅದು ಆಗಾಗ ಹರಿದರೆ ಆಶ್ಚರ್ಯವಿಲ್ಲ. ಮೂರನೆಯದು ಹಾಗಲ್ಲ. 196 ಕಂಪನದ ಆ ತಂತಿಯ ಉಕ್ಕಿನ ಮೇಲೆ ಬೀಳುವ ಒತ್ತಡ ಮೊದಲನೆಯದರ ಮೂರನೇ ಒಂದು ಭಾಗದಷ್ಟು. ಬರೀ ಎಳೆತಕ್ಕೆ ಅದು ಹರಿಯುವುದಿಲ್ಲ. ಅದು ಬ್ರಿಡ್ಜ್ ಹತ್ತಿರ ಹರಿಯುತ್ತಿದೆ ಎಂದರೆ ಅಲ್ಲಿ ಏನೋ ಕೊಯ್ಯುತ್ತಿದೆ. ಇದನ್ನು ನಿಮ್ಮ ಗಿಟಾರ್ ನೋಡದೆಯೂ ಧೈರ್ಯವಾಗಿ ಹೇಳುತ್ತೇನೆ.

ದಪ್ಪ ತಂತಿಯ ಸಲಹೆಯ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ತಂತಿ ದಪ್ಪವಾದಂತೆ ಅದೇ ಸ್ವರಕ್ಕೆ ಏರಿಸಲು ಎಳೆತವೂ ಹೆಚ್ಚು ಬೇಕು. 9ರ (ಇಂಚಿನ ಸಾವಿರದ ಒಂಬತ್ತು ಭಾಗ ದಪ್ಪದ) ಮೊದಲ ತಂತಿಗೆ ಸುಮಾರು 6 ಕಿಲೋ ಎಳೆತ ಬಿದ್ದರೆ 10ರದ್ದಕ್ಕೆ 7.3 ಕಿಲೋ ಬೀಳುತ್ತದೆ. ತಂತಿಯ ಅಡ್ಡಕೊಯ್ತದ ವಿಸ್ತೀರ್ಣವೂ ಎಳೆತವೂ ಒಂದೇ ಲೆಕ್ಕದಲ್ಲಿ ಏರುವುದರಿಂದ ಉಕ್ಕಿನ ಪ್ರತಿ ಎಳೆಯ ಮೇಲಿನ ಭಾರ ಅಷ್ಟೇ ಉಳಿಯುತ್ತದೆ. ದಪ್ಪ ತಂತಿಯಿಂದ ಸಿಗುವ ಲಾಭ ಒಂದೇ: ಗೀರು ಬಿದ್ದು ಹರಿಯಲು ಇನ್ನೆರಡು ದಿನ ಹೆಚ್ಚು ಹಿಡಿಯುತ್ತದೆ. ಮುಳ್ಳು ಇದ್ದಲ್ಲೇ ಇರುತ್ತದೆ. ದಪ್ಪ ತಂತಿಯ ನಾದ ಇಷ್ಟವಾದರೆ ಹಾಕಿ, ಹರಿಯದಿರಲಿ ಎಂದು ಹಾಕಬೇಡಿ.

ತಂಬೂರಿ ರಿಪೇರಿ ಮಾಡುವವರು ತಂತಿ ಹರಿದರೆ ಮೊದಲು ಬೆರಳು ಇಡುವುದು ಕುದುರೆಯ ಮೇಲೆ, ಅಂದರೆ ತಂತಿಗೆ ಆಸರೆಯಾದ ತುಂಡಿನ ಮೇಲೆ. ಗಿಟಾರಿಗೂ ಅದೇ ದಾರಿ. ಮೊದಲ ತಂತಿ ಸಡಿಲಿಸಿ ಬದಿಗೆ ಸರಿಸಿ. ದೇವರ ಮನೆಯಿಂದ ಬತ್ತಿ ಹೊಸೆಯುವ ಅರಳೆ ಒಂದು ಚಿಟಿಕೆ ತಂದು, ತಂತಿ ಕೂರುವ ಜಾಗದಲ್ಲಿ ಮೆಲ್ಲಗೆ ಹಿಂದಿನಿಂದ ಮುಂದಕ್ಕೆ ಸವರಿ. ನುಣುಪಾದ ಲೋಹದ ಮೇಲೆ ಅರಳೆ ಜಾರಿ ಹೋಗುತ್ತದೆ. ಮುಳ್ಳಿದ್ದರೆ ಬಿಳಿ ಎಳೆಯೊಂದು ಅಲ್ಲಿ ಸಿಕ್ಕಿಕೊಂಡು ನಿಲ್ಲುತ್ತದೆ. ಕಣ್ಣಿಗೆ ಕಾಣದ, ಬೆರಳಿಗೂ ಸಿಗದ ಮುಳ್ಳನ್ನು ಅರಳೆ ಹಿಡಿದು ತೋರಿಸುತ್ತದೆ. ಆರೂ ಸ್ಯಾಡಲ್‌ಗಳ ಮೇಲೆ ಹೀಗೆ ನೋಡಿ. ಒಂದನೆಯದರಲ್ಲಿ ಮತ್ತು ಮೂರನೆಯದರಲ್ಲಿ ಎಳೆ ಸಿಗುತ್ತದೆ ಎಂದೇ ನನ್ನ ಅಂದಾಜು.

ಅದನ್ನು ತೆಗೆಯುವ ಮೊದಲು ಒಂದು ಕೆಲಸ ಮರೆಯಬೇಡಿ. ಮೂರೂ ಪಿಕಪ್‌ಗಳ ಮೇಲೆ ಅಗಲದ ಸೆಲ್ಲೋಟೇಪ್ ಅಂಟಿಸಿ. ಪಿಕಪ್ ಎಂದರೆ ಆಯಸ್ಕಾಂತ. ಉಜ್ಜಿದ ಉಕ್ಕಿನ ಪುಡಿ ನೇರ ಅಲ್ಲಿಗೇ ಹಾರಿ ಕೂರುತ್ತದೆ. ಲೇಥ್, ವೆಲ್ಡಿಂಗ್ ಕೆಲಸ ಮಾಡುವವರ ಗಿಟಾರ್ ಬಂದಾಗ ಪಿಕಪ್ ಮೇಲೆ ಮೀಸೆಯಂತೆ ನಿಂತ ಪುಡಿಯನ್ನು ನೋಡಿದ್ದೇನೆ. ಸಂಡೂರು ಕಡೆಯ ಕೆಂಪು ಗಣಿ ದೂಳು ಅಷ್ಟು ಹಿಡಿಯುವುದಿಲ್ಲ, ಆ ಅದಿರು ಆಯಸ್ಕಾಂತಕ್ಕೆ ಬಹಳ ಕಡಿಮೆ ಸ್ಪಂದಿಸುತ್ತದೆ. ಅದು ತೊಂದರೆ ಕೊಡುವುದು ವಾಲ್ಯೂಮ್ ಪಾಟ್ (ಸದ್ದು ಏರಿಸಿಳಿಸಲು ತಿರುಗಿಸುವ ಭಾಗ) ಒಳಗೆ ಸೇರಿ ಕರಕರ ಸದ್ದು ಮಾಡಿ. ಉಕ್ಕಿನ ಪುಡಿ ಮಾತ್ರ ಒಮ್ಮೆ ಸೇರಿತೆಂದರೆ ಟೇಪ್ ಒತ್ತಿ ಒತ್ತಿ ಎತ್ತಬೇಕು. ಸ್ಟೀಲ್ ವುಲ್ ಅನ್ನು ಗಿಟಾರ್ ಹತ್ತಿರವೂ ತರಬೇಡಿ.

ಟೇಪ್ ಅಂಟಿಸಿದ ಮೇಲೆ, ಗಾಡಿ ಪೇಂಟ್ ಮಾಡುವವರು ಬಳಸುವ ವಾಟರ್ ಪೇಪರ್ ತನ್ನಿ, 600 ಮತ್ತು 1500 ನಂಬರಿನವು. ತೆಳ್ಳಗೆ ಕತ್ತರಿಸಿ, ಹಳೆಯ ನಾಲ್ಕನೇ ತಂತಿಯ ತುಂಡಿಗೆ ಸುತ್ತಿ, ತಂತಿ ಹೋಗುವ ದಿಕ್ಕಿನಲ್ಲೇ ಎಳೆಯಿರಿ. ಅಡ್ಡ ಉಜ್ಜಬೇಡಿ, ಅಡ್ಡ ಗೀರು ಹೊಸ ಮುಳ್ಳಾಗುತ್ತದೆ. ಹತ್ತು ಸಲ ಎಳೆದು ಮತ್ತೆ ಅರಳೆ ಹಚ್ಚಿ ನೋಡಿ. ಎಳೆ ಸಿಗದಂತಾದ ಕೂಡಲೇ ನಿಲ್ಲಿಸಿ. ಹೆಚ್ಚು ಉಜ್ಜಿದರೆ ಸ್ಯಾಡಲ್ ತಗ್ಗಾಗಿ ತಂತಿ ಬಜ್ ಹೊಡೆಯುತ್ತದೆ. ಕೊನೆಗೆ ಆ ಜಾಗಕ್ಕೆ ಮೆತ್ತನೆಯ ಪೆನ್ಸಿಲ್ಲಿನ ಸೀಸ ಹಚ್ಚಿ. ಬೆಂಡ್ ಮಾಡುವಾಗ ತಂತಿ ಅಲ್ಲಿ ಜಾರಬೇಕು, ಉಜ್ಜಬಾರದು.

ಸ್ಯಾಡಲ್ ನುಣುಪಾಗಿದ್ದೂ ಹರಿಯುತ್ತಿದ್ದರೆ ಅದರ ಹಿಂದೆ ನೋಡಿ. ಈ ಬ್ರಿಡ್ಜ್‌ನಲ್ಲಿ ತಂತಿ ಹಿಂಬದಿಯ ಬ್ಲಾಕ್‌ನಿಂದ ಎದ್ದು, ಪ್ಲೇಟಿನ ತೂತು ದಾಟಿ, ಸ್ಯಾಡಲ್‌ನ ಸೀಳಿನಲ್ಲಿ ಮೇಲೆ ಬರುತ್ತದೆ. ಕಡಿಮೆ ಬೆಲೆಯ ಗಿಟಾರ್‌ಗಳಲ್ಲಿ ಈ ತೂತಿನ ಅಂಚನ್ನು ಯಾರೂ ನುಣುಪು ಮಾಡಿರುವುದಿಲ್ಲ. ತಂತಿ ಅಂಚಿಗೆ ತಾಗಿ ಅಲ್ಲೇ ಮುರಿದುಕೊಂಡಂತೆ ಬಾಗುತ್ತದೆ. ಅಂಚನ್ನು ಸಣ್ಣ ಅರದಿಂದ ದುಂಡಗೆ ಮಾಡಿ. ಅದು ಆಗದಿದ್ದರೆ ತೆಳ್ಳನೆಯ ವಾಯರಿನ ಪ್ಲಾಸ್ಟಿಕ್ ಸಿಪ್ಪೆಯನ್ನು ಒಂದು ಸೆಂಟಿಮೀಟರ್ ಕೊಯ್ದು ತಂತಿಗೆ ತೊಡಿಸಿ, ಅದು ಅಂಚಿಗೆ ಬರುವಂತೆ ಕೂರಿಸಿ. ಸ್ಯಾಡಲ್‌ನ ತುದಿಯ ಮೇಲೆ ಮಾತ್ರ ಸಿಪ್ಪೆ ಬರಬಾರದು, ಬಂದರೆ ನಾದ ಸಾಯುತ್ತದೆ. ನಟ್ ಹತ್ತಿರ, ಕೀ ಹತ್ತಿರ ಹರಿಯುವ ತೊಂದರೆ ನಿಮಗಿಲ್ಲ, ಅದನ್ನು ಇಲ್ಲಿ ಬಿಡುತ್ತೇನೆ.

ಬೇಸಿಗೆಯಲ್ಲಿ ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ರಾತ್ರಿ ಹತ್ತಕ್ಕೆ ಸ್ಟೇಜ್ ಹತ್ತಿದರೂ ಲೈಟಿನ ಕೆಳಗೆ ಅಂಗೈ ನೆನೆಯುತ್ತದೆ. ಬೆವರಿನ ಉಪ್ಪು ತಂತಿಯ ಮೇಲೆ ರಾತ್ರಿಯಿಡೀ ಕೂತರೆ ಬೆಳಿಗ್ಗೆಗೆ ತುಕ್ಕಿನ ಚುಕ್ಕೆ ಎದ್ದಿರುತ್ತದೆ. ಕಾರ್ಯಕ್ರಮ ಮುಗಿದ ಕೂಡಲೇ, ಗಾಡಿ ಹತ್ತುವ ಮೊದಲೇ, ಒಣ ಬಟ್ಟೆಯಿಂದ ಪ್ರತಿ ತಂತಿಯ ಮೇಲೂ ಕೆಳಗೂ ಒರೆಸಿ. ಸೀಸನ್‌ನಲ್ಲಿ ವಾರಕ್ಕೆ ಮೂರು ಕಾರ್ಯಕ್ರಮ ಇದ್ದರೆ ತಂತಿ ಹರಿಯುವ ತನಕ ಕಾಯದೆ ಎರಡು ವಾರಕ್ಕೊಮ್ಮೆ ಸೆಟ್ ಬದಲಿಸಿ.

ಇನ್ನೊಂದು ಅಭ್ಯಾಸ ರಸಮಂಜರಿ ತಂಡಗಳಲ್ಲಿ ಕಂಡಿದ್ದೇನೆ. ಹಾಡುವವರ ಶ್ರುತಿ ಕಪ್ಪು ಒಂದು ಎಂದ ಕೂಡಲೇ ಕೀಬೋರ್ಡಿನವರು ಬಟನ್ ಒತ್ತುತ್ತಾರೆ, ಗಿಟಾರಿನವರು ಆರೂ ಕೀ ತಿರುಗಿಸಿ ಅರ್ಧ ಸ್ವರ ಮೇಲೇರಿಸುತ್ತಾರೆ. ಅರ್ಧ ಸ್ವರ ಏರಿದರೆ ಎಳೆತ ಶೇಕಡಾ 12ರಷ್ಟು ಏರುತ್ತದೆ. ಮೊದಲೇ ಅರ್ಧ ದಾರಿಗೆ ಬಂದಿರುವ ಮೊದಲ ತಂತಿಗೆ ಇದು ದೊಡ್ಡ ಪೆಟ್ಟು. ಕುತ್ತಿಗೆಗೆ ಕಚ್ಚಿಸಿ ಸ್ವರ ಏರಿಸುವ ಕೇಪೋ ಹಾಕಿಕೊಳ್ಳಿ, ಇಲ್ಲವೇ ಸ್ವರಸ್ಥಾನ ಬದಲಿಸಿ ನುಡಿಸಿ. ಕೀ ತಿರುಗಿಸಿ ಏರಿಸಬೇಡಿ.

ಈಗ ಸದ್ದಿನ ವಿಷಯ. ನೀವು ಬರೆಯದೇ ಬಿಟ್ಟ ಒಂದು ಸಂಗತಿಯನ್ನು ಕೇಳುತ್ತೇನೆ: ನಿಮ್ಮ ಗಿಟಾರಿನ ವಾಯರ್ ಎಲ್ಲಿಗೆ ಹೋಗುತ್ತದೆ? ಆಂಪ್ಲಿಫೈಯರಿಗೋ, ಪ್ರೊಸೆಸರಿಗೋ, ನೇರ ಮಿಕ್ಸರಿಗೋ? ನಮ್ಮ ಕಡೆ ಮೈಕ್‌ಸೆಟ್‌ನವರು ಬಹಳ ಸಲ ನೇರ ಮಿಕ್ಸರಿನ ಲೈನ್ ಇನ್‌ಪುಟ್ಟಿಗೆ ಚುಚ್ಚಿಬಿಡುತ್ತಾರೆ. ಪಿಕಪ್ಪಿನಿಂದ ಬರುವ ಸಿಗ್ನಲ್ ಬಹಳ ನಾಜೂಕು. ಅದಕ್ಕೆ ಸುಮಾರು ಒಂದು ಮೆಗಾ ಓಮ್‌ನ ಇನ್‌ಪುಟ್ ಬೇಕು. ಮಿಕ್ಸರಿನ ಲೈನ್ ಇನ್‌ಪುಟ್ ಸಾಮಾನ್ಯವಾಗಿ ಹತ್ತಿಪ್ಪತ್ತು ಕಿಲೋ ಓಮ್ ಅಷ್ಟೆ. ಅಲ್ಲಿಗೆ ಚುಚ್ಚಿದರೆ ಮೇಲಿನ ನಾದವೆಲ್ಲ ಇಂಗಿಹೋಗಿ, ಗಿಟಾರ್ ಕಂಬಳಿ ಹೊದ್ದು ಮಲಗಿದಂತೆ ಕೇಳುತ್ತದೆ. ಎಷ್ಟೇ ಒಳ್ಳೆಯ ಪಿಕಪ್ ಹಾಕಿದರೂ ಅಲ್ಲಿ ಸಾಯುತ್ತದೆ. ನಡುವೆ ಒಂದು ಆಕ್ಟಿವ್ ಡಿಐ ಬಾಕ್ಸ್ (ಗಿಟಾರಿನ ಸಿಗ್ನಲ್ಲನ್ನು ಮಿಕ್ಸರಿಗೆ ಹೊಂದಿಸುವ ಪೆಟ್ಟಿಗೆ) ಇಡಿ, ಇಲ್ಲವೇ ಪ್ರೊಸೆಸರ್ ಮೂಲಕ ಕಳಿಸಿ. ವಾಯರ್ ಆರು ಮೀಟರಿಗಿಂತ ಉದ್ದ ಬೇಡ. ಲೀಡ್ ಬಂದಾಗ ಬೇಸ್ ಇಳಿಸಿ ಮಿಡ್ ಏರಿಸಿ. ಕೀಬೋರ್ಡಿನ ಸ್ಟ್ರಿಂಗ್ಸ್ ನಡುವಿಂದ ಗಿಟಾರ್ ಎದ್ದು ಬರುವುದು ಮಿಡ್‌ನಿಂದ.

ಅದರ ಜೊತೆಗೆ ಪಿಕಪ್ ಎತ್ತರ. ಮೊದಲ ತಂತಿಯನ್ನು ಕೊನೆಯ ಫ್ರೆಟ್ಟಿನಲ್ಲಿ ಒತ್ತಿ ಹಿಡಿದು, ಬ್ರಿಡ್ಜ್ ಪಿಕಪ್ಪಿಗೂ ತಂತಿಗೂ ನಡುವೆ ಎಷ್ಟು ಜಾಗವಿದೆ ನೋಡಿ. ಹಳೆಯ ಎಟಿಎಂ ಕಾರ್ಡ್‌ಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ, ಒಂದರ ದಪ್ಪ 0.76 ಮಿಲಿಮೀಟರ್. ಮೊದಲ ತಂತಿಯ ಕಡೆ ಮೂರು ಕಾರ್ಡ್, ಆರನೆಯದರ ಕಡೆ ನಾಲ್ಕು ಕಾರ್ಡ್ ತೂರಬೇಕು. ಕಳೆದ ವರ್ಷ ಬಂದ ಒಂದು ಗಿಟಾರಿನಲ್ಲಿ ಮೊದಲ ತಂತಿಯ ಕಡೆ ಏಳು ಕಾರ್ಡ್ ತೂರಿದವು. ಸ್ಕ್ರೂ ಕೆಳಗಿನ ಸ್ಪ್ರಿಂಗ್ ಬಿದ್ದುಹೋಗಿ ಪಿಕಪ್ ಒಂದು ಕಡೆ ಕುಸಿದಿತ್ತು. ಅದರ ಯಜಮಾನರೂ ಮೊದಲ ತಂತಿ ಹರಿಯುತ್ತದೆ ಎಂದೇ ತಂದಿದ್ದರು. ಆ ತಂತಿಯ ಸದ್ದು ಕೇಳಿಸದ ಕಾರಣ ಅದೊಂದನ್ನೇ ಬಲವಾಗಿ ಹೊಡೆಯುತ್ತಿದ್ದರು. ಸ್ಪ್ರಿಂಗ್ ಹಾಕಿ, ಸ್ಯಾಡಲ್ ನುಣುಪು ಮಾಡಿಕೊಟ್ಟೆ. ಆಮೇಲೆ ಅವರು ಪಿಕಪ್ ಮಾತೇ ಎತ್ತಲಿಲ್ಲ. ಹಾಗೆಂದು ತೀರಾ ಹತ್ತಿರಕ್ಕೂ ಏರಿಸಬೇಡಿ. ಆಯಸ್ಕಾಂತ ತಂತಿಯನ್ನು ಹಿಡಿದೆಳೆದು, ಒಂದೇ ಸ್ವರ ಎರಡಾಗಿ ಅಲುಗಿದಂತೆ ಕೇಳುತ್ತದೆ, ಮುಖ್ಯವಾಗಿ ಆರನೆಯ ತಂತಿಯಲ್ಲಿ.

ಗುಂಯ್ ಸದ್ದಿಗೆ ಬರೋಣ. ಪಿಕಪ್ ಎಂದರೆ ಆಯಸ್ಕಾಂತದ ಸುತ್ತ ಸುತ್ತಿದ ತಾಮ್ರದ ತಂತಿ. ಸ್ಟ್ರಾಟ್ ಪಿಕಪ್ಪಿನಲ್ಲಿ ಕೂದಲಷ್ಟು ತೆಳ್ಳನೆಯ, 0.063 ಮಿಲಿಮೀಟರಿನ ತಂತಿಯನ್ನು ಏಳೆಂಟು ಸಾವಿರ ಸುತ್ತು ಸುತ್ತಿರುತ್ತಾರೆ. ಉಕ್ಕಿನ ತಂತಿ ಮೇಲೆ ಕಂಪಿಸಿದಾಗ ಅದರಲ್ಲಿ ಕರೆಂಟ್ ಹುಟ್ಟುತ್ತದೆ. ಹಾಗೆಯೇ ಹತ್ತಿರದ ಟ್ರಾನ್ಸ್‌ಫಾರ್ಮರ್, ಲೈಟಿನ ಡಿಮ್ಮರ್, ಜನರೇಟರ್ ವಾಯರಿನ 50 ಹರ್ಟ್ಜ್ ಕಂಪನವನ್ನೂ ಆ ಸುರುಳಿ ಹಿಡಿಯುತ್ತದೆ. ಗಿಬ್ಸನ್ ಕಂಪನಿಯ ಸೇತ್ ಲವರ್ 1955ರಲ್ಲಿ ಪೇಟೆಂಟಿಗೆ ಹಾಕಿದ ಹಂಬಕರ್ ಇದಕ್ಕೇ ಹುಟ್ಟಿದ್ದು. ಎರಡು ಸುರುಳಿ, ಒಂದಕ್ಕೊಂದು ಉಲ್ಟಾ ಜೋಡಣೆ, ಆಯಸ್ಕಾಂತದ ಮುಖವೂ ಉಲ್ಟಾ. ಹೊರಗಿನ ಗುಂಯ್ ಎರಡರಲ್ಲೂ ಎದುರುಬದುರಾಗಿ ಬಂದು ಅಳಿಸಿಹೋಗುತ್ತದೆ, ತಂತಿಯ ನಾದ ಮಾತ್ರ ಕೂಡಿಕೊಳ್ಳುತ್ತದೆ.

ನಿಮ್ಮ ಗಿಟಾರಿನಲ್ಲೂ ಈ ಉಪಾಯ ಈಗಾಗಲೇ ಇರಬಹುದು. ಸ್ವಿಚ್ ಅನ್ನು ಎರಡನೇ ಮತ್ತು ನಾಲ್ಕನೇ ಜಾಗಕ್ಕೆ ತಂದು ಕೇಳಿ. ಅಲ್ಲಿ ಗುಂಯ್ ತಟ್ಟನೆ ಇಳಿದರೆ ನಿಮ್ಮ ನಡುವಿನ ಪಿಕಪ್ ಉಲ್ಟಾ ಸುತ್ತಿದ್ದು. ಆ ಎರಡು ಜಾಗ ನಿಮಗೆ ದುಡ್ಡಿಲ್ಲದೆ ಸಿಕ್ಕ ಹಂಬಕರ್. ಇಳಿಯದಿದ್ದರೆ ಪಿಕಪ್ ಕೂರುವ ಒಳಗಿನ ಕುಳಿಗೆ ತಾಮ್ರದ ಅಂಟುಪಟ್ಟಿ ಹಚ್ಚಿ, ಅದನ್ನು ಅರ್ಥ್‌ಗೆ ಬೆಸುಗೆ ಹಾಕಿಸಿ. ಟ್ಯೂಬ್‌ಲೈಟಿನ ಚರಚರ ಸದ್ದು ಇದರಿಂದ ಬಹಳ ಕಡಿಮೆಯಾಗುತ್ತದೆ, ದಪ್ಪ ಗುಂಯ್ ಮಾತ್ರ ಪೂರ್ತಿ ಹೋಗುವುದಿಲ್ಲ.

ಇಲ್ಲಿ ಒಂದು ಮಾತನ್ನು ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ. ತಂತಿ ಮುಟ್ಟಿದಾಗ ಸದ್ದು ಕಡಿಮೆಯಾಗುವುದು ಸಹಜ, ಬ್ರಿಡ್ಜ್‌ನ ಅರ್ಥ್ ವಾಯರ್ ಸರಿ ಇದೆ ಎಂದು ಅದರ ಅರ್ಥ. ಆದರೆ ಗಿಟಾರ್ ಹಿಡಿದು ಮೈಕಿಗೆ ತುಟಿ ತಾಗಿಸಿದಾಗ ಜುಂ ಅಂದರೆ ಅಲ್ಲೇ ನುಡಿಸುವುದು ನಿಲ್ಲಿಸಿ. ಗುಂಯ್ ಸದ್ದು ಹೋಗಲೆಂದು ಕೆಲವರು ಆಂಪ್ಲಿಫೈಯರ್ ಪ್ಲಗ್ಗಿನ ದಪ್ಪ ಮೂರನೇ ಪಿನ್ ಮುರಿದುಹಾಕುತ್ತಾರೆ. ಅದು ಜೀವ ತೆಗೆಯುವ ಕೆಲಸ. ಜನರೇಟರಿನ ಅರ್ಥ್ ರಾಡ್ ನೆಲಕ್ಕೆ ಹೊಡೆದಿದ್ದಾರೆಯೇ ಎಂದು ಕೇಳಿ. ಬೇಸಿಗೆಯ ಒಣ ನೆಲದಲ್ಲಿ ಹೊಡೆದಿದ್ದರೂ ಅರ್ಥ್ ಹಿಡಿಯುವುದಿಲ್ಲ, ಬುಡಕ್ಕೆ ಒಂದು ಕೊಡ ಉಪ್ಪುನೀರು ಹಾಕಿಸಿ. ಎಲ್ಲರ ಆಂಪ್, ಮಿಕ್ಸರ್ ಒಂದೇ ಬೋರ್ಡಿನಿಂದ ಕರೆಂಟ್ ತೆಗೆದುಕೊಳ್ಳಲಿ, ಲೈಟಿನವರ ಲೈನ್ ಬೇರೆ ಇರಲಿ. ಅರ್ಥಿಂಗ್ ತಪ್ಪಿನಿಂದ ಬರುವ ಗುಂಯ್ ಸದ್ದು ಹಂಬಕರ್ ಹಾಕಿದರೂ ಹೋಗುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಬ್ರಿಡ್ಜ್ ಪಿಕಪ್ ಒಂದರಲ್ಲಿ ಗುಂಯ್ ಉಳಿದರೆ, ಲೀಡ್ ತೆಳ್ಳಗೆ ಕೇಳಿದರೆ, ಆಗ ಪಿಕಪ್ ಕೊಳ್ಳಿ. ನಿಮ್ಮ ಕೆಲಸಕ್ಕೆ ನನ್ನ ಆಯ್ಕೆ: ಬ್ರಿಡ್ಜ್‌ಗೆ ಮಾತ್ರ, ಸಿಂಗಲ್ ಕಾಯಿಲ್ ಅಳತೆಯಲ್ಲೇ ಕೂರುವ ರೈಲ್ ಮಾದರಿಯ ಹಂಬಕರ್. ನಡುವಿನದು, ಕುತ್ತಿಗೆಯದು ಹಾಗೇ ಇರಲಿ. ಮೆಲೊಡಿ ಹಾಡಿನ ತಿಳಿಯಾದ ನಾದ ಅವುಗಳದ್ದು, ಅದನ್ನು ಕಳೆದುಕೊಳ್ಳಬೇಡಿ. ರೈಲ್ ಕೂರಿಸಲು ಮರ ಕೊರೆಯಬೇಕಿಲ್ಲ, ಮೇಲಿನ ಪ್ಲೇಟ್ ಕತ್ತರಿಸಬೇಕಿಲ್ಲ. ರೈಲ್‌ನಲ್ಲಿ ಆರು ಕಂಬದ ಬದಲು ಉದ್ದ ಪಟ್ಟಿ ಇರುವುದರಿಂದ ಬೆಂಡ್ ಮಾಡುವಾಗ ಸದ್ದು ಮಧ್ಯೆ ಇಳಿಯುವುದಿಲ್ಲ, ನಿಮ್ಮ ಬ್ರಿಡ್ಜ್‌ನ ತಂತಿ ಅಂತರಕ್ಕೆ ಕಂಬದ ಅಂತರ ಕೂಡಿಬರುತ್ತದೆಯೇ ಎಂಬ ಚಿಂತೆಯೂ ಇಲ್ಲ. ಎಲ್ಲಕ್ಕಿಂತ ಜೋರಿನದನ್ನು ಕೊಡಿ ಎಂದು ಮಾತ್ರ ಕೇಳಬೇಡಿ. 16 ಕಿಲೋ ಓಮ್ ದಾಟಿದ ಸಿರಾಮಿಕ್ ರೈಲ್‌ಗಳು ಡಿಸ್ಟಾರ್ಶನ್‌ಗೆ ಚೆನ್ನ, ಆದರೆ ಪಕ್ಕದ ಸಿಂಗಲ್ ಕಾಯಿಲ್ ಅವುಗಳ ಮುಂದೆ ಸೊರಗುತ್ತದೆ. ಸ್ವಿಚ್ ತಿರುಗಿಸಿದಾಗಲೆಲ್ಲ ಮಿಕ್ಸರಿನವರು ಹೌಹಾರುತ್ತಾರೆ. ಅಲ್ನಿಕೋ 5 ಆಯಸ್ಕಾಂತದ, ಮಧ್ಯಮ ಜೋರಿನದು ನಿಮಗೆ ಒಪ್ಪುತ್ತದೆ. ನಿಮ್ಮಲ್ಲಿರುವ 250 ಕಿಲೋ ಓಮ್ ಪಾಟ್‌ಗಳನ್ನೇ ಇಟ್ಟು ಮೊದಲು ಕೇಳಿ. ಹಂಬಕರಿಗೆ 500 ಹಾಕುವುದು ರೂಢಿ, ಆದರೆ ಆಗ ಉಳಿದ ಎರಡು ಪಿಕಪ್ ಕಿವಿಗೆ ಚುಚ್ಚುತ್ತವೆ.

ಓಮ್ ಲೆಕ್ಕವನ್ನು ಜೋರಿನ ಅಳತೆ ಎಂದು ಪೂರ್ತಿ ನಂಬಬೇಡಿ. ತಂತಿ ತೆಳ್ಳಗಿದ್ದರೂ ಓಮ್ ಏರುತ್ತದೆ, ಬಿಸಿಲಿಗೂ ಏರುತ್ತದೆ. 20 ಡಿಗ್ರಿಯಲ್ಲಿ 6 ಕಿಲೋ ಓಮ್ ತೋರಿಸುವ ಪಿಕಪ್ ರಾಯಚೂರಿನ ಮೇ ತಿಂಗಳ 40 ಡಿಗ್ರಿಯಲ್ಲಿ ಸುಮಾರು 6.5 ತೋರಿಸುತ್ತದೆ, ತಾಮ್ರದ ಗುಣವೇ ಅದು. ಹಾಳಾಗಿದೆಯೇ ಎಂದು ನೋಡಲು ಮಾತ್ರ ಮೀಟರ್ ಬಹಳ ಚೆನ್ನ. ಏನೂ ತೋರಿಸದಿದ್ದರೆ ಸುರುಳಿ ಒಳಗೆ ಹರಿದಿದೆ.

ಬೆಸುಗೆಗೆ ಕೂರುವ ಮುನ್ನ ವಾಯರಿನ ಬಣ್ಣ ಓದಿಕೊಳ್ಳಿ. ಸೆಮೂರ್ ಡಂಕನ್‌ನಲ್ಲಿ ಕಪ್ಪು ಸಿಗ್ನಲ್ಲಿಗೆ, ಹಸಿರು ಅರ್ಥ್‌ಗೆ, ಕೆಂಪು ಬಿಳಿ ಒಟ್ಟಿಗೆ ಸೇರಿಸಿ ಟೇಪ್ ಸುತ್ತಬೇಕು. ಡಿಮಾರ್ಜಿಯೊದಲ್ಲಿ ಕೆಂಪು ಸಿಗ್ನಲ್ಲಿಗೆ, ಹಸಿರು ಅರ್ಥ್‌ಗೆ, ಕಪ್ಪು ಬಿಳಿ ಒಟ್ಟಿಗೆ. ಒಂದರ ಲೆಕ್ಕ ಇನ್ನೊಂದಕ್ಕೆ ಹಿಡಿದರೆ ಸದ್ದೇ ಕೆಡುತ್ತದೆ. ಹಳೆಯ ನಡುವಿನ ಪಿಕಪ್ ಜೊತೆ ಹೊಸದು ಹೊಂದುತ್ತದೆಯೇ ಎಂದು ಮುಳ್ಳಿನ ಮಲ್ಟಿಮೀಟರಿನಲ್ಲಿ ಮೊದಲೇ ನೋಡಬಹುದು. ಪಿಕಪ್ಪಿನ ಎರಡು ವಾಯರಿಗೆ ಮೀಟರ್ ಹಚ್ಚಿ, ಎಲ್ಲಕ್ಕಿಂತ ಕಡಿಮೆ ವೋಲ್ಟ್‌ನ ಡಿಸಿ ಜಾಗಕ್ಕೆ ತಿರುಗಿಸಿ, ಸ್ಕ್ರೂಡ್ರೈವರ್ ಅನ್ನು ಪಿಕಪ್ಪಿಗೆ ಅಂಟಿಸಿ ತಟ್ಟನೆ ಎಳೆಯಿರಿ. ಮುಳ್ಳು ಯಾವ ಕಡೆ ಹಾರಿತು ಎಂದು ಗುರುತಿಡಿ. ಎರಡೂ ಪಿಕಪ್ಪಿನಲ್ಲಿ ಒಂದೇ ಕಡೆ ಹಾರಬೇಕು. ಬೇರೆ ಕಡೆ ಹಾರಿದರೆ ಹೊಸ ಪಿಕಪ್ಪಿನ ಸಿಗ್ನಲ್ ಮತ್ತು ಅರ್ಥ್ ವಾಯರ್ ಅದಲುಬದಲು ಮಾಡಿ, ಬರಿಯ ಹೆಣಿಗೆ ವಾಯರ್ ಮಾತ್ರ ಯಾವಾಗಲೂ ಅರ್ಥ್‌ನಲ್ಲೇ ಇರಲಿ. ಇದನ್ನು ನೋಡದೆ ಹಾಕಿದರೆ ಸ್ವಿಚ್ಚಿನ ಎರಡನೇ ಜಾಗದಲ್ಲಿ ಸದ್ದು ಮೂಗಿನಿಂದ ಬಂದಂತೆ ತೆಳ್ಳಗಾಗುತ್ತದೆ.

ಹಳೆಯ ಪಿಕಪ್ಪಿನ ಪ್ಲಾಸ್ಟಿಕ್ ಮುಚ್ಚಳವನ್ನು ಹೊಸದಕ್ಕೆ ಹಾಕುವ ಆಸೆಯಿಂದ ಸ್ಕ್ರೂಡ್ರೈವರ್ ತೂರಿಸಿ ಎಬ್ಬಬೇಡಿ. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಅವಸರ ಮಾಡಿ, ನಂಬಿ ಕೊಟ್ಟವರ ಪಿಕಪ್ ಒಂದರ ಸುರುಳಿಯನ್ನು ನಾನು ಹೀಗೆಯೇ ಕಡಿದೆ. ಜೇಡನ ಬಲೆಯ ಎಳೆಯಂತೆ ತಾಮ್ರ ಹೊರಗೆ ಬಂತು, ತುದಿ ಹುಡುಕಿ ಬೆಸೆಯಲು ಆಗಲೇ ಇಲ್ಲ. ಬೇರೆ ತರಿಸಿಕೊಟ್ಟೆ. ಅಂದಿನಿಂದ ಪಿಕಪ್ ಮುಚ್ಚಳವನ್ನು ಬೆರಳಿನಿಂದಲೇ ಬಿಡಿಸುತ್ತೇನೆ.

ಮೊದಲು ಅರಳೆ ಹಚ್ಚಿ ನೋಡಿ, ಕಾರ್ಡ್ ಇಟ್ಟು ಎತ್ತರ ಸರಿಮಾಡಿ, ನಾಲ್ಕು ಕಾರ್ಯಕ್ರಮ ನುಡಿಸಿ. ಅಷ್ಟರಲ್ಲಿ ಮತ್ತೆ ತಂತಿ ಹರಿದರೆ ಎರಡೂ ತುಂಡನ್ನು ಕಾಗದದಲ್ಲಿ ಸುತ್ತಿ, ಯಾವ ತಂತಿ, ಗುಂಡಿನಿಂದ ಎಷ್ಟು ಮಿಲಿಮೀಟರ್ ಎಂದು ಬರೆದಿಟ್ಟು ನನಗೆ ತಿಳಿಸಿ. ಗಿಟಾರಿನ ವಾಯರ್ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಬರೆಯಿರಿ.